ಸಿಂಹೇಂದ್ರಮಧ್ಯಮವೆಂದು ಮೋಸಹೋದ ಕಿವಿ

ಅವರೆಕಾಯಿ ಕಾಲದ ಒಂದು ಸಂಜೆ ಕಾಳು ಹಿಚುಕುತ್ತ ಪಿಟೀಲು ಕಛೇರಿ ಕೇಳುತ್ತಿದ್ದೆ. ಕಛೇರಿ ಮುಗಿದು ಮೊಬೈಲು ತನ್ನ ಪಾಡಿಗೆ ಬೇರೊಂದು ವಾದನವನ್ನು ಹಿಡಿದದ್ದು ನನ್ನ ಗಮನಕ್ಕೆ ಬರಲಿಲ್ಲ. "ಸಿಂಹೇಂದ್ರಮಧ್ಯಮ ರಾಗ ಎಷ್ಟು ಚೆನ್ನಾಗಿ ನುಡಿಸುತ್ತಿದ್ದಾರೆ ಕೇಳಮ್ಮ" ಎಂದು ತಾಯಿಗೆ ಹೇಳಿ ಬಗ್ಗಿ ನೋಡಿದರೆ, ಪರದೆಯ ಮೇಲಿದ್ದದ್ದು ಹಂಗೇರಿಯ ಊಟದ ಮನೆಯೊಂದರಲ್ಲಿ ಮೇಜುಗಳ ನಡುವೆ ನಿಂತಿದ್ದ ರೋಮಾ, ಅಂದರೆ ಜಿಪ್ಸಿ ಜನರ ವಾದ್ಯತಂಡ.

ಕಿವಿ ಪೂರ್ತಿ ತಪ್ಪಿರಲಿಲ್ಲ. 'ಹಂಗೇರಿಯನ್ ಮೈನರ್' ಅಥವಾ ಜಿಪ್ಸಿ ಸ್ವರಶ್ರೇಣಿ ಎಂದು ಪಾಶ್ಚಾತ್ಯರು ಕರೆಯುವುದೂ ನಮ್ಮ 57ನೆಯ ಮೇಳಕರ್ತ ರಾಗವಾದ ಸಿಂಹೇಂದ್ರಮಧ್ಯಮವೂ ಸ್ವರಸ್ಥಾನಗಳಲ್ಲಿ ಒಂದೇ; ಸಾಧಾರಣ ಗಾಂಧಾರದಿಂದ ಪ್ರತಿಮಧ್ಯಮಕ್ಕೆ ಹಾರುವ ಆ ಅಗಲವಾದ ಹೆಜ್ಜೆಯೇ ನನ್ನನ್ನು ಮೋಸಗೊಳಿಸಿದ್ದು. ರೋಮಾ ಜನರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರೆಂಬುದು ನೆನಪಾಗಿ, ರಾಗವನ್ನೂ ಗಂಟುಕಟ್ಟಿಕೊಂಡೇ ಹೋದರೆಂದು ಬೀಗಲು ಮನಸ್ಸು ಹವಣಿಸಿತು. ಆದರೆ ಆ ನಂಟಿಗೆ ಗಟ್ಟಿಯಾದ ಸಾಕ್ಷಿ ಅವರ ಭಾಷೆ. ನೀರಿಗೆ 'ಪಾನಿ', ಕಿವಿಗೆ 'ಕಾನ್' ಎನ್ನುವ ಆ ಭಾಷೆ ಹಿಂದಿಯ ದಾಯಾದಿಯೇ ಹೊರತು ಕನ್ನಡದ್ದಲ್ಲ. ಸ್ವರವನ್ನು ತೂಗಿ ಬಳುಕಿಸುವ ಗಮಕವಿಲ್ಲದೆ ಬರಿಯ ಸ್ವರಸ್ಥಾನಗಳು ಹೊಂದಿದ ಮಾತ್ರಕ್ಕೆ ರಾಗವೂ ಆಗುವುದಿಲ್ಲ, ಬಂಧುತ್ವವೂ ಆಗುವುದಿಲ್ಲ.

ಆದರೂ ರುಚಿ ಹತ್ತಿತ್ತು. ಮೊದಲು ಸಿಕ್ಕಿದವು ಜಿಪ್ಸಿ ಧಾಟಿಯಲ್ಲಿ ಪಿಟೀಲಿಗೆ ಬರೆದ ದೊಡ್ಡ ಹೆಸರುಗಳು: ಸರಸಾತೆಯ 1878ರ ರಚನೆ, ಹಂಗೇರಿಯ ಕುಣಿತದ ಹೆಸರಿನ ಮೋಂಟಿಯ ಚಾರ್ದಾಶ್, ರಾವೆಲ್‌ನ 1924ರ ಕೃತಿ. ಮೊದಲನೆಯವನು ಸ್ಪೇನಿನವನು, ಎರಡನೆಯವನು ಇಟಲಿಯ ನೇಪಲ್ಸಿನವನು, ಮೂರನೆಯವನು ಫ್ರಾನ್ಸಿನವನು. ರೋಮಾ ಒಬ್ಬನೂ ಅಲ್ಲ. ಸೊಗಸಾಗಿಯೇ ಇವೆ, ಆದರೆ ಹಳ್ಳಿಯ ಊಟವನ್ನು ಬೆಳ್ಳಿ ತಟ್ಟೆಯಲ್ಲಿ ಬಡಿಸಿದಂತೆ. ತಂಡಗಳದ್ದು ಬೇರೆಯೇ ರೀತಿ. 'ಪ್ರಿಮಾಶ್' ಎನಿಸಿಕೊಳ್ಳುವ ಮುಖ್ಯ ಪಿಟೀಲುಗಾರನು ತನ್ನಿಷ್ಟದಂತೆ ಕಾಲವನ್ನು ಎಳೆಯುತ್ತ, ತಟ್ಟನೆ ಬಿಗಿಯುತ್ತ ಹೋದರೆ, ಸಂತೂರಿನ ದೊಡ್ಡಣ್ಣನಂತಿರುವ ಚಿಂಬಲೋಮ್ ವಾದ್ಯದವನೂ ಒತ್ತಿನ ಪಿಟೀಲಿನವನೂ ಅವನ ಕಮಾನನ್ನೇ ಕಣ್ಣಿಟ್ಟು ನೋಡುತ್ತ ಬೆನ್ನಟ್ಟುತ್ತಾರೆ.

ಹುಡುಕುತ್ತ ಹುಡುಕುತ್ತ ರುಮೇನಿಯದ ಕ್ಲೆಜಾನಿ ಎಂಬ ಹಳ್ಳಿಗೆ ಬಂದು ನಿಂತೆ. ಅಲ್ಲಿನ ತಾರಾಫ್ ದ ಹೈದೂಕ್ ತಂಡದ ನಿಕೊಲಾಯೆ ನ್ಯಾಕ್ಷು ಎಂಬ ಮುದುಕರು, 2002ರಲ್ಲಿ ತೀರಿಕೊಂಡವರು, ಅಲ್ಲಿನ ಸರ್ವಾಧಿಕಾರಿಯಾಗಿದ್ದ ಚೌಶೆಸ್ಕುವಿನ ಪತನದ ಹಾಡಿಗೆ ಕಮಾನನ್ನು ಬದಿಗಿಡುತ್ತಾರೆ. ಪಿಟೀಲಿನ ತಂತಿಗೆ ಕುದುರೆಬಾಲದ ಒಂದು ಕೂದಲನ್ನು ಕಟ್ಟಿ, ಅದನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಜಾರಿಸಿ ಎಳೆಯುತ್ತಾರೆ. ಆಗ ಹೊರಡುವುದು ಸ್ವರವಲ್ಲ, ಒಂದು ನರಳಾಟ.

"ಯಾವ ಬಾಗಿಲೋ ಅದು, ಎಣ್ಣೆ ಬಿಡಬಾರದೇ?" ಎಂದರು ಅಮ್ಮ. ಪಿಟೀಲು ಎಂದು ತಿಳಿಸಿದೆ. ನಂಬದೆ, ಅವರೆಕಾಳಿನ ಕೈಯನ್ನು ಸೆರಗಿಗೆ ಒರಸಿಕೊಂಡು ಮೊಬೈಲನ್ನು ಕಿವಿಯ ಹತ್ತಿರ ಹಿಡಿದರು. ಹಾಡು ಮುಗಿಯುವವರೆಗೂ ಹಿಂದಕ್ಕೆ ಕೊಡಲಿಲ್ಲ.