ಅಪ್ಪನ ಡ್ರೈವಿಂಗ್ ಸ್ಕೂಲ್

ಮತ್ತೊಬ್ಬ ಅಪ್ಪನಿಗೆ 25 ಸಾವಿರ ರೂಪಾಯಿ ದಂಡ ಬಿದ್ದಿದೆ. ಮಗ ಅಪ್ರಾಪ್ತ, ಗಾಡಿ ಅಪ್ಪನದು, ಸುದ್ದಿಗೆ ಎಂದಿನಂತೆ ಪೇಪರಿನ ಒಳಪುಟದ ಮೂಲೆ. ಓದಿದವರೆಲ್ಲ "ಭಾಳ ಅನ್ಯಾಯ ಆತು ನೋಡ್ರಿ, ಹುಡುಗ ಪಾಪ ಟ್ಯೂಷನ್‌ಗೆ ಹೋಗಿದ್ದ" ಅಂತ ಮರುಗುತ್ತಿದ್ದಾರೆ. ನನಗೇನೂ ಅನ್ಯಾಯ ಕಾಣಲಿಲ್ಲ. ಅಷ್ಟು ವರ್ಷದ ತರಬೇತಿಗೆ 25 ಸಾವಿರ ಅಂದರೆ ಸೋವಿ. ನೀಟ್ ಕೋಚಿಂಗ್‌ನವರು ಆ ದುಡ್ಡಿಗೆ ಅಪ್ಲಿಕೇಷನ್ ಕೊಟ್ಟು ಕೂರಿಸಿದರೆ ಹೆಚ್ಚು.

ತರಬೇತಿ ನೋಡಬೇಕೆಂದರೆ ಬೆಳಿಗ್ಗೆ ಶಾಲೆಯ ಹೊತ್ತಿಗೆ ನಮ್ಮ ಕಲಬುರಗಿಯ ಎಸ್‌ವಿಪಿ (ಸರ್ದಾರ್ ವಲ್ಲಭಭಾಯಿ ಪಟೇಲ್) ಸರ್ಕಲ್‌ಗೆ ಬನ್ನಿ, ಪ್ರವೇಶ ಉಚಿತ. ಯುಕೆಜಿ ಮಗ ಮುಂದೆ ನಿಂತು ಎರಡೂ ಕನ್ನಡಿ ಹಿಡಿದಿದ್ದಾನೆ. ಹಿಂದೆ ಅಕ್ಕ, ಅವಳ ಬೆನ್ನಿಗೆ ಅವಳಿಗಿಂತ ದಪ್ಪನೆಯ ಬ್ಯಾಗು. ಹೆಲ್ಮೆಟ್ ಅಪ್ಪನ ಮೊಣಕೈಯಲ್ಲಿದೆ.

"ಪಪ್ಪಾ, ಕೆಂಪು ಅದ."

"ಪೊಲೀಸ್ ಇಲ್ಲ ಬಿಡಪಾ."

ಪಾಠ ಮುಗಿಯಿತು. ಅಂದಿನಿಂದ ಹುಡುಗ ದೀಪ ನೋಡುವುದಿಲ್ಲ, ದೀಪದ ಕೆಳಗೆ ಬಿಳಿ ಅಂಗಿ ನಿಂತಿದೆಯೋ ಇಲ್ಲವೋ ನೋಡುತ್ತಾನೆ. ಒಂದನೇ ಕ್ಲಾಸಿಗೆ ಬರುವಷ್ಟರಲ್ಲಿ ಅವನೇ "ಪಪ್ಪಾ, ಪೊಲೀಸ್!" ಅಂತ ಮುಂಗಡವಾಗಿ ಕೂಗುತ್ತಾನೆ. ಹೆಲ್ಮೆಟ್ ಮೊಣಕೈ ಬಿಟ್ಟು ತಲೆಗೇರುತ್ತದೆ, ಸರ್ಕಲ್ ದಾಟಿದ ಮೇಲೆ ಮತ್ತೆ ಮೊಣಕೈಗೆ ಇಳಿಯುತ್ತದೆ. "ಭಾಳ ಚುರುಕ ಅದಾನ್ರೀ" ಅಂತ ಅಪ್ಪ ಮನೆಗೆ ಬಂದವರ ಮುಂದೆ ಹೊಗಳುತ್ತಾನೆ. ಹುಡುಗನಿಗೆ ಇನ್ನೂ ಮಗ್ಗಿ ಬರುವುದಿಲ್ಲ.

ಹೆಲ್ಮೆಟ್ ಅಂದೆನಲ್ಲ, ಅದರದ್ದೇ ಒಂದು ಪುರಾಣ. ಬೇಸಿಗೆಯಲ್ಲಿ 43 ಡಿಗ್ರಿ ಕಾಯುವ ಊರು, "ತಲಿ ಬೇಯ್ತದ್ರೀ" ಎಂಬ ವಾದ ಒಪ್ಪಿಕೊಂಡೆ. ಆದರೆ ಅದೇ ತಲೆಗೆ ಟರ್ಕಿ ಟವೆಲ್ ಬಿಗಿಯಾಗಿ ಸುತ್ತಿಕೊಂಡರೆ ಬೇಯುವುದಿಲ್ಲವಂತೆ. ಹೋಗಲಿ, ಡಿಸೆಂಬರ್ ಚಳಿಯಲ್ಲಾದರೂ ಹಾಕ್ರಿ ಅಂದರೆ "ಕಿವಿ ಕೇಳ್ಸಂಗಿಲ್ರೀ." ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಮೊಬೈಲ್ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಒಬ್ಬ ಹಿರಿಯರು ಹೆಲ್ಮೆಟ್ ತುಂಬ ಪುಂಡಿಪಲ್ಲೆ, ಅದರ ಮೇಲೆ ನಾಲ್ಕು ನಿಂಬೆಹಣ್ಣು ಇಟ್ಟುಕೊಂಡು ಗಾಡಿ ಹತ್ತಿದರು. ಐಎಸ್‌ಐ ಗುರುತಿನ ಹೆಲ್ಮೆಟ್. ಪುಂಡಿಪಲ್ಲೆ ಸುರಕ್ಷಿತವಾಗಿ ಮನೆ ಮುಟ್ಟಿರಬೇಕು.

ಇನ್ನು ದಿಲ್ಲಿಯಲ್ಲಿ ಕೂತು ನಿಯಮ ಬರೆಯುವವರ ಮುಗ್ಧತೆ ನೋಡಿದರೆ ಕಣ್ಣು ತುಂಬಿ ಬರುತ್ತದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಕೂಸನ್ನು ಬೈಕಿನಲ್ಲಿ ಒಯ್ಯುವಾಗ ಸವಾರನಿಗೆ ಸೇರಿಸಿ ಕಟ್ಟುವ ಬೆಲ್ಟು ಬೇಕು, ಕೂಸಿನ ತಲೆಗೆ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ನಮ್ಮಲ್ಲಿ ಬೆಲ್ಟು ಅಂದರೆ ಅವ್ವನ ಸೆರಗು. ಶರಣಬಸವೇಶ್ವರ ಜಾತ್ರೆ ಮುಗಿಸಿ ಬರುವಾಗ ಅವ್ವ ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿರುತ್ತಾಳೆ, ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಪುಗ್ಗಾ. ಬಿಗಿಯಾಗಿ ಹಿಡಿದಿರುವುದು ಪುಗ್ಗಾನೇ, ಹತ್ತು ರೂಪಾಯಿ ಕೊಟ್ಟದ್ದು.

ಹತ್ತನೇ ಕ್ಲಾಸಿಗೆ ಬಂದಾಗ ಘಟಿಕೋತ್ಸವ. ಅಪ್ಪನೇ ಕೈಯಾರೆ ಚಾವಿ ಕೊಡುತ್ತಾನೆ. "ಗೇರ್ ಇಲ್ಲದ ಗಾಡಿ ಅಲ್ರೀ, ಹದಿನಾರಕ್ಕ ನಡೀತದ" ಅನ್ನುವ ಕಾನೂನು ಪಂಡಿತರು ಓಣಿಗೊಬ್ಬರಿದ್ದಾರೆ. ನಡೆಯುವುದು 50 ಸಿಸಿ ಒಳಗಿನದು, ಸ್ವಾಮಿ. ನಿಮ್ಮ ಅಂಗಳದಲ್ಲಿ ನಿಂತಿರುವ ಸ್ಕೂಟಿ 110, ಇಲ್ಲವೇ 125. ಇದಕ್ಕೆಂದೇ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಕಲಂ ಸೇರಿಸಿದ್ದಾರೆ. ದಂಡದ ಜೊತೆಗೆ ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಪಾರಾಗಬೇಕೆಂದರೆ ನನಗೆ ಗೊತ್ತಿರಲಿಲ್ಲ, ಇಲ್ಲವೇ ತಡೆಯಲು ಮಾಡಬೇಕಾದ್ದೆಲ್ಲ ಮಾಡಿದ್ದೆ ಅಂತ ಅಪ್ಪನೇ ಸಾಬೀತು ಮಾಡಬೇಕು. ತುಸು ಕಷ್ಟ. ಮಗ ರಿಂಗ್ ರೋಡಿನಲ್ಲಿ ಕೈಬಿಟ್ಟು ಓಡಿಸುವ ವಿಡಿಯೋ ಅಪ್ಪನ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲೇ ಇದೆ, ಕೆಳಗೆ "ನನ್ನ ಹುಲಿ" ಅಂತ.

ರಸ್ತೆ ತುಂಬ ತಗ್ಗು, ಸಿಗ್ನಲ್ ಕೆಟ್ಟಿರ್ತದ, ದನ ಅಡ್ಡ ಬರ್ತಾವ ಅಂತೀರಿ. ಎಲ್ಲ ಖರೆ. ಅದನ್ನು ಬೈಯಲು ಇನ್ನೊಂದು ದಿನ ಇದೆ. ಆದರೆ ತಗ್ಗಿದೆ ಅಂತ ಗೊತ್ತಿದ್ದ ರಸ್ತೆಗೆ ಬರಿತಲೆಯ ಕೂಸನ್ನು ಮುಂದೆ ನಿಲ್ಲಿಸಿಕೊಂಡು ಹೋಗಿರಿ ಅಂತ ನಿಮಗೆ ಯಾರು ಹೇಳಿದ್ದರು? ಬ್ರೇಕ್ ಹಿಡಿದರೆ ಹ್ಯಾಂಡಲ್‌ಗೆ ಮೊದಲು ಬಡಿಯುವುದು ಅದರ ಬಾಯಿ. ಇದು ನಿಮಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ನಿಲ್ಲಿಸುತ್ತೀರಿ, ದಿನಾ ನಿಲ್ಲಿಸುತ್ತೀರಿ. ಆಮೇಲೆ "ದೇವರ ಇಚ್ಛಾ" ಅನ್ನುತ್ತೀರಿ. ದೇವರು ಯಾವತ್ತು ಗಾಡಿಯ ಚಾವಿ ಕೇಳಿದ್ದ? ಶಾಲೆಯ ಐಡಿ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಓಣಿಯ ತುದಿಗೆ ಕಟ್ಟುವ ಭಾವಪೂರ್ಣ ಶ್ರದ್ಧಾಂಜಲಿ ಫ್ಲೆಕ್ಸ್‌ಗಳನ್ನು ಓದಿ ಓದಿ ಸಾಕಾಗಿದೆ.

ಮೊನ್ನೆ ಒಂದು ಕಡೆ ಇಂಥದೇ ಹುಲಿಯೊಂದು ಸಿಕ್ಕಿಬಿತ್ತು. ಅಪ್ಪ ಐದೇ ನಿಮಿಷದಲ್ಲಿ ಹಾಜರಾದ, ರಾಂಗ್ ಸೈಡಿನಿಂದ. ಮಗನಿಗೆ ಒಂದು ಮಾತು ಬೈಯಲಿಲ್ಲ, ಸೀದಾ ಫೋನ್ ಹಚ್ಚಿದ. "ಅಣ್ಣಾರ, ಇವ್ರ ಜೋಡಿ ಸ್ವಲ್ಪ ಮಾತಾಡ್ರಿ." ಅಣ್ಣಾರು ಮಾತಾಡಿದರು. ಗಾಡಿ ಬಿಡುಗಡೆಯಾಯಿತು. ಹುಡುಗ ಮತ್ತೆ ಅದೇ ಗಾಡಿ ಹತ್ತಿ, ಸೆಲ್ಫ್ ಒತ್ತುತ್ತಾ ಕೇಳಿದ:

"ಪಪ್ಪಾ, ಆ ಅಂಕಲ್ ನಂಬರ್ ನನಗೂ ಕಳಸು."