ಬರ್ನ್ಸ್‌ನ ನುಡಿ, ಅಮ್ಮನ ತುಳು

ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ‘ನನ್ನ ಪ್ರೇಮದ ಹುಡುಗಿ’ಯನ್ನು ಓದಿದಾಗ, ಅದರ ಮೂಲಕವಿ ರಾಬರ್ಟ್ ಬರ್ನ್ಸ್ ಇಂಗ್ಲಿಷ್ ಕವಿ ಎಂದೇ ನಂಬಿದ್ದೆ. ಗ್ಲಾಸ್ಗೋದಲ್ಲಿ ಸಂಶೋಧನೆಗೆ ಸೇರಿದ ಮೊದಲ ತಿಂಗಳು ಆ ಮಾತು ಬಾಯಿಂದ ಬಂದೇಬಿಟ್ಟಿತು. ಮಾರ್ಗದರ್ಶಕರು ಮೆಲ್ಲನೆ ತಿದ್ದಿದರು: ಆತ ಬರೆದದ್ದು ಸ್ಕಾಟ್ಸ್ ನುಡಿಯಲ್ಲಿ; ಅದು ಇಂಗ್ಲಿಷಿನ ತಂಗಿಯೇ ಹೊರತು ಕೆಟ್ಟುಹೋದ ಇಂಗ್ಲಿಷಲ್ಲ.

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಸ್ಕಾಟಿಷ್ ಸಾಹಿತ್ಯಕ್ಕೆಂದೇ ವಿಭಾಗ ತೆರೆದದ್ದು 1971ರಲ್ಲಿ. ಸ್ಕಾಟ್ಲೆಂಡಿಗೆ ಗೇಲಿಕ್, ಸ್ಕಾಟ್ಸ್, ಇಂಗ್ಲಿಷ್ ಎಂಬ ಮೂರು ನುಡಿಗಳಿವೆ. ಜಗಳವೂ ಹಳೆಯದೇ. ಸ್ಕಾಟಿಷ್ ಲೇಖಕನಿಗೆ ಇಂಗ್ಲಿಷೊಂದೇ ದಾರಿ ಎಂದು ಎಡ್ವಿನ್ ಮ್ಯೂರ್ 1936ರಲ್ಲಿ ವಾದಿಸಿದಾಗ, ಸ್ಕಾಟ್ಸ್‌ನಲ್ಲಿ ಬರೆಯುತ್ತಿದ್ದ ಹ್ಯೂ ಮ್ಯಾಕ್‌ಡಿಯರ್ಮಿಡ್ ಜೊತೆಗಿನ ಸ್ನೇಹವೇ ಮುರಿದುಬಿತ್ತು. ನಾವು ಅವರಿಬ್ಬರನ್ನೂ ಓದುತ್ತೇವೆ. ಗೇಲಿಕ್ ಕಲಿಯಲು ಬೇರೆ ವಿಭಾಗವಿದೆ, ನಿಜ. ಆದರೂ ಗೇಲಿಕ್ ಕವಿ ಸೋರ್ಲಿ ಮ್ಯಾಕ್ಲೀನ್‌ರನ್ನು ಅನುವಾದದಲ್ಲಾದರೂ ಓದದೆ ಸ್ಕಾಟಿಷ್ ಸಾಹಿತ್ಯ ಬಲ್ಲೆ ಎಂದು ಇಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ.

ನನ್ನ ಮನೆಮಾತು ತುಳು. ನಾಟಿಯ ಗದ್ದೆಯಲ್ಲಿ ಅಮ್ಮ ಹೇಳುತ್ತಿದ್ದ ಪಾಡ್ದನ, ಅಂದರೆ ತುಳು ಕಥನಗೀತೆ, ಕೇಳುತ್ತ ಬೆಳೆದೆ. ಊರಲ್ಲಿ ಕನ್ನಡ ಎಂ.ಎ. ಮಾಡಿದ ಎರಡು ವರ್ಷಗಳಲ್ಲಿ ಪಂಪನನ್ನು ಮನಸಾರೆ ಓದಿದೆ, ಅದಕ್ಕೆ ಇಂದಿಗೂ ಋಣಿ. ಆದರೆ ತುಳು ಕಾವ್ಯ ‘ಮಂದಾರ ರಾಮಾಯಣ’ದ ಒಂದು ಸಾಲೂ ತರಗತಿಗೆ ಬರಲಿಲ್ಲ. ಕೊಡವರ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ 1924ರಲ್ಲೇ ಅಚ್ಚಾಗಿದೆ, ಅದೂ ಕನ್ನಡ ಲಿಪಿಯಲ್ಲಿ. ಅದರ ಹೆಸರನ್ನು ಕೇಳಿದ್ದು ನಾನು ಇಲ್ಲಿಗೆ ಬಂದ ಮೇಲೆ. ತುಳು, ಕೊಡವ, ಕೊಂಕಣಿ, ಬ್ಯಾರಿಗೆ ಒಂದೊಂದು ಅಕಾಡೆಮಿ ಇರುವುದು ಒಳ್ಳೆಯದೇ. ಆದರೆ ಅಕಾಡೆಮಿಯ ಗೋಡೆಯೊಳಗೆ ಉಳಿದದ್ದು ಕನ್ನಡ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಹೇಗೆ?

ಕನ್ನಡಕ್ಕೇ ಗಂಟೆ ಸಾಲದಿರುವಾಗ ಇದೆಲ್ಲ ಎಲ್ಲಿಯದು ಎಂದು ಊರಿನ ಗೆಳೆಯರು ಕೇಳುತ್ತಾರೆ. ಅವರ ಕಳವಳ ನನಗೆ ಅರ್ಥವಾಗುತ್ತದೆ. 2022ರ ಜನಗಣತಿಯ ಪ್ರಕಾರ ಸ್ಕಾಟ್ಸ್ ಮಾತನಾಡಬಲ್ಲವರು ಸುಮಾರು 15 ಲಕ್ಷ, ಗೇಲಿಕ್ ಅಲ್ಪಸ್ವಲ್ಪವಾದರೂ ಬಲ್ಲವರು 1.3 ಲಕ್ಷ. ಇಷ್ಟು ಸಣ್ಣ ನುಡಿಗಳ ಜನ ಒಂದೇ ತರಗತಿಯಲ್ಲಿ ಒಬ್ಬರ ಪಕ್ಕ ಒಬ್ಬರು ಕುಳಿತು ಓದುತ್ತಾರೆ. ಕೋಟಿಗಟ್ಟಲೆ ಜನರ ಕನ್ನಡಕ್ಕೆ ಅಂಜಿಕೆ ಏಕೆ? ಕನ್ನಡ ಎಂ.ಎ.ಯಲ್ಲಿ ಒಂದೇ ಒಂದು ಪತ್ರಿಕೆ ನಾಡಿನ ಈ ಸೋದರ ನುಡಿಗಳಿಗೆ ಮೀಸಲಾಗಲಿ ಎಂಬುದಷ್ಟೇ ನನ್ನ ಕೋರಿಕೆ.

ಕಳೆದ ಚಳಿಗಾಲ ಇಲ್ಲಿನ ವಿಚಾರಗೋಷ್ಠಿಯಲ್ಲಿ ಸಿರಿ ಪಾಡ್ದನದ ಕೆಲವು ಸಾಲು ಓದಿ ಅರ್ಥ ಹೇಳಿದೆ. ಅಮ್ಮನ ನುಡಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.