ರೋಮ್‌ನಲ್ಲಿ ಕುರ್ಚಿಗೂ ದುಡ್ಡು

ಯುರೋಪ್ ಪ್ರವಾಸ ಅಂದರೆ ನಮ್ಮವರು ವಿಮಾನ, ಹೋಟೆಲು, ರೈಲಿಗೆ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಊಟದ ವಿಷಯಕ್ಕೆ ಬಂದರೆ ಎರಡೇ ದಾರಿ. ಒಂದೋ ಸೂಟ್‌ಕೇಸ್ ತುಂಬ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ಟು, ಇಲ್ಲವೇ ಕಾಲು ಸೋತಲ್ಲಿ ಕೂತು ತಿಂದು ಬಿಲ್ ನೋಡಿ ಗಾಬರಿ ಬೀಳುವುದು. ರೋಮ್ ಮಟ್ಟಿಗೆ ಎರಡೂ ಬೇಕಿಲ್ಲ. ಆ ಊರಿನ ಜನ ದಿನಾ ತಿನ್ನುವ ತಿಂಡಿಯೇ ಅಗ್ಗ, ರುಚಿಯೂ ಹೌದು. ಎಲ್ಲಿ ಕೂರುತ್ತೀರಿ, ಹೇಗೆ ಕೇಳುತ್ತೀರಿ ಎಂಬುದರ ಮೇಲೆ ಬಿಲ್ ಏರುತ್ತದೆ.

ಕಾಫಿಯಿಂದಲೇ ಶುರು ಮಾಡೋಣ. ಅಲ್ಲಿ ‘ಬಾರ್’ ಅಂದರೆ ಬೆಳಗಿನ ಕಾಫಿ ಅಂಗಡಿ, ಹೆಂಗಸರು ಮಕ್ಕಳು ಎಲ್ಲರೂ ಹೋಗುವಂಥದ್ದು. ನಮ್ಮ ದರ್ಶಿನಿಯ ಕ್ರಮವೇ ಅಲ್ಲೂ: ಬಹಳ ಕಡೆ ಮೊದಲು ‘ಕಾಸ್ಸಾ’ದಲ್ಲಿ ದುಡ್ಡು ಕೊಟ್ಟು ಚೀಟಿ ತಗೊಳ್ಳಬೇಕು, ಚೀಟಿಯನ್ನು ಕೌಂಟರಿನಲ್ಲಿಟ್ಟು ನಿಂತೇ ಕುಡಿಯಬೇಕು. ಹೀಗೆ ನಿಂತು ಕುಡಿದರೆ ಎಸ್‌ಪ್ರೆಸೊ ಹೆಚ್ಚು ಕಡಿಮೆ ಒಂದೂಕಾಲು ಯೂರೋ, ಕಪುಚಿನೊ ಒಂದೂವರೆಯ ಆಸುಪಾಸು. ಅದೇ ಲೋಟವನ್ನು ಮೇಜಿಗೆ ತರಿಸಿಕೊಂಡರೆ ಬೆಲೆ ಎರಡು ಮೂರು ಪಟ್ಟು. ಪಿಯಾತ್ಸಾ ನವೋನಾದಂಥ ಪ್ರವಾಸಿಗರ ಚೌಕದಲ್ಲಿ ಇನ್ನೂ ಮೇಲೆ. ಇದು ಮೋಸವಲ್ಲ. ಗೋಡೆಯ ದರಪಟ್ಟಿಯಲ್ಲಿ ‘ಅಲ್ ಬಾಂಕೊ’, ‘ಅಲ್ ತಾವೊಲೊ’ ಅಂತ ಎರಡು ಸಾಲು ಇರುತ್ತದೆ: ಮೊದಲನೆಯದು ನಿಂತವರಿಗೆ, ಎರಡನೆಯದು ಕೂತವರಿಗೆ. ನಿಂತವರ ಬೆಲೆಗೆ ಚೀಟಿ ಮಾಡಿಸಿ ಲೋಟ ಹಿಡಿದು ಕುರ್ಚಿಗೆ ಹೋಗಿ ಕೂತರೆ ಎಬ್ಬಿಸುತ್ತಾರೆ, ತಪ್ಪು ಅವರದ್ದಲ್ಲ. ಹಬೆಯಾಡುವ ಫಿಲ್ಟರ್ ಕಾಫಿ ಅಭ್ಯಾಸವಿದ್ದವರಿಗೆ ಅಲ್ಲಿನ ಕಪುಚಿನೊ ಉಗುರುಬೆಚ್ಚಗೆ ಅನ್ನಿಸುತ್ತದೆ. ‘ಬೆನ್ ಕಾಲ್ದೊ’ ಅಂದರೆ ಚೆನ್ನಾಗಿ ಬಿಸಿ ಮಾಡಿ ಕೊಡುತ್ತಾರೆ. ಜೊತೆಗೆ ತಿನ್ನುವ ‘ಕೊರ್ನೆತ್ತೊ’ ಎಂಬ ಕ್ರೋಸಾನ್‌ನಂಥ ಸಿಹಿ ಬನ್ನಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ.

ರಸ್ತೆಯಲ್ಲಿ ನೀರಿಗೆ ದುಡ್ಡು ಕೊಡಲೇಬೇಡಿ. ಕೊಲೋಸಿಯಂ ಎದುರು ತಳ್ಳುಗಾಡಿಯಲ್ಲಿ ಅರ್ಧ ಲೀಟರ್ ಬಾಟಲಿಗೆ ಎರಡು ಯೂರೋ ಕೀಳುತ್ತಾರೆ, ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ತಣ್ಣನೆಯ ನೀರು ಪುಕ್ಕಟೆ ಹರಿಯುತ್ತಿರುತ್ತದೆ. 1874ರಿಂದ ಊರ ತುಂಬ ನೆಟ್ಟ ಎರಕದ ಕಬ್ಬಿಣದ ಗಿಡ್ಡ ಕಂಬಗಳಿವು, ‘ನಸೋನಿ’ ಅಂತಾರೆ, ಎರಡು ಸಾವಿರಕ್ಕೂ ಹೆಚ್ಚಿವೆ. ಬಾಗಿದ ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಮಾನಾಗಿ ಚಿಮ್ಮುತ್ತದೆ, ಹೆಚ್ಚು ಬಾಗದೆ ಕುಡಿಯಬಹುದು. ನೀರು ಗಡಸು, ಹೋಟೆಲ್ ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟುವುದು ಅದಕ್ಕೇ. ಹೊಟ್ಟೆಗೆ ಏನೂ ಆಗದು. ‘ನೋನ್ ಪೊತಾಬಿಲೆ’ ಅಂತ ಬರೆದಿರುವ ಕಡೆ ಮಾತ್ರ ಕುಡಿಯಬೇಡಿ. ರೆಸ್ಟೋರೆಂಟಿನಲ್ಲಿ ನಲ್ಲಿ ನೀರು ಕೇಳುವ ರೂಢಿ ಕಡಿಮೆ. ಅಲ್ಲಿ ಬಾಟಲಿಗೆ ಎರಡು ಮೂರು ಯೂರೋ ಕೊಡಬೇಕಾಗುತ್ತದೆ, ನಾಲ್ಕು ಜನಕ್ಕೆ ಒಂದು ಸಾಕು.

ಮಧ್ಯಾಹ್ನಕ್ಕೆ ನನ್ನ ಮೊದಲ ಸಲಹೆ ‘ಪಿತ್ಸಾ ಅಲ್ ತಾಲ್ಯೊ’. ದೊಡ್ಡ ಆಯತಾಕಾರದ ತಟ್ಟೆಯಲ್ಲಿ ಬೆಂದ ಪಿಜ್ಜಾವನ್ನು ಕತ್ತರಿಸಿ ತೂಕಕ್ಕೆ ಮಾರುತ್ತಾರೆ. ಎಡವುವುದು ತೂಕದ ಲೆಕ್ಕದಲ್ಲಿ. ಕೆಲವು ಅಂಗಡಿಯಲ್ಲಿ ಬೆಲೆ ಕಿಲೋಗೆ ಬರೆದಿರುತ್ತದೆ, ಕೆಲವದರಲ್ಲಿ ‘ಎತ್ತೊ’ಗೆ, ಅಂದರೆ 100 ಗ್ರಾಂಗೆ. ಬೋರ್ಡಿನಲ್ಲಿ 1.80 ಅಂತ ಕಂಡು ತುಂಡಿನ ಬೆಲೆ ಅಂದುಕೊಂಡು ಅಂಗೈ ಅಗಲ ತೋರಿಸಿದರೆ ತಕ್ಕಡಿ 350 ಗ್ರಾಂ ಹೇಳುತ್ತದೆ, 6.30 ಕೊಡಬೇಕಾಗುತ್ತದೆ. ಅಂಗಡಿಯವರು ಚಾಕು ಇಟ್ಟು ಎಲ್ಲಿ ಕತ್ತರಿಸಲಿ ಅಂತ ನಿಮ್ಮ ಮುಖ ನೋಡುತ್ತಾರೆ. ಆಗ ಕೈಯಿಂದ ಒಳಗೆ ಸರಿಸುವಂತೆ ತೋರಿಸಿ ‘ಮೇನೊ’, ಅಂದರೆ ಕಡಿಮೆ, ಅನ್ನಿ, ಚಾಕು ಒಳಗೆ ಸರಿಯುತ್ತದೆ, ಯಾರೂ ಮುಖ ಗಂಟಿಕ್ಕುವುದಿಲ್ಲ. ಒಬ್ಬರಿಗೆ 200ರಿಂದ 250 ಗ್ರಾಂ ಹೊಟ್ಟೆ ತುಂಬ. ಟೊಮೇಟೊ ಮಾತ್ರ ಸವರಿದ ‘ರೊಸ್ಸಾ’ ಮತ್ತು ಎಣ್ಣೆ ಉಪ್ಪಿನ ‘ಬಿಯಾಂಕಾ’ ಎಲ್ಲಕ್ಕಿಂತ ಅಗ್ಗ. ಬಿಸಿಬಿಸಿ ಬಿಯಾಂಕಾದ ಮುಂದೆ ಉಳಿದದ್ದೆಲ್ಲ ಸಪ್ಪೆ ಅನ್ನುವುದು ನನ್ನ ಅಭಿಪ್ರಾಯ. ಕಟ್ಟಿಸಿಕೊಂಡು ಕೊಲೋಸಿಯಂ ಪಕ್ಕದ ಕೊಲ್ಲೆ ಒಪ್ಪಿಯೊ ಪಾರ್ಕಿನಲ್ಲೋ ಅವೆಂತೀನ್ ಗುಡ್ಡದ ಕಿತ್ತಳೆ ತೋಟದಲ್ಲೋ ಕೂತು ತಿನ್ನಿ. ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಬೇಡ, 2019ರಿಂದ ಅಲ್ಲಿ ಕೂತರೇ ದಂಡ.

ಕೂತು ಉಣ್ಣಲೇಬೇಕು ಅನ್ನಿಸಿದರೆ ಸಂಜೆ ಐದಕ್ಕೇ ಫೋಟೊ ಇರುವ ಮೆನು ಹಿಡಿದು ರಸ್ತೆಯಲ್ಲಿ ಕರೆಯುವ ಜಾಗ ಬಿಡಿ. ರೋಮಿನವರು ರಾತ್ರಿ ಊಟಕ್ಕೆ ಕೂರುವುದು ಎಂಟರ ಸುಮಾರಿಗೆ. ತೆಸ್ತಾಚ್ಚೊದಂಥ ಬಡಾವಣೆಯ ‘ತ್ರತ್ತೊರಿಯಾ’ದಲ್ಲಿ, ಅಂದರೆ ಮನೆಯೂಟದಂಥ ಸಾದಾ ಹೋಟೆಲಿನಲ್ಲಿ, ಒಂದು ತಟ್ಟೆ ಪಾಸ್ತಾ ಹತ್ತರಿಂದ ಹದಿನಾಲ್ಕು ಯೂರೋ. ಮೆನುವಿನಲ್ಲಿ ನಾಲ್ಕು ಭಾಗ ಇದ್ದ ಮಾತ್ರಕ್ಕೆ ನಾಲ್ಕೂ ತರಿಸಬೇಕಿಲ್ಲ, ಒಂದು ಪಾಸ್ತಾ, ಇಬ್ಬರ ಮಧ್ಯೆ ಒಂದು ಪಲ್ಯ ಸಾಕು. ವೈನ್ ಕುಡಿಯುವವರು ಬಾಟಲಿ ಬಿಟ್ಟು ಮನೆ ವೈನ್ ‘ಉನ್ ಕ್ವಾರ್ತೊ’ ಕೇಳಿ, ಕಾಲು ಲೀಟರ್ ಹೂಜಿಯಲ್ಲಿ ಬರುತ್ತದೆ. ಮೀನಿನ ಬೆಲೆಯೂ ಎಷ್ಟೋ ಕಡೆ ಎತ್ತೊ ಲೆಕ್ಕ. ಇಡೀ ಮೀನು ಎಷ್ಟು ತೂಗುತ್ತದೆ, ಒಟ್ಟು ಎಷ್ಟಾಗುತ್ತದೆ ಅಂತ ಬೇಯಿಸುವ ಮೊದಲೇ ಕೇಳಿ. ಕುರ್ಚಿಯ ಬಾಬ್ತು ‘ಕೊಪೆರ್ತೊ’ ಹಾಕುವುದನ್ನು ರೋಮ್ ಇರುವ ಲಾತ್ಸಿಯೊ ಪ್ರಾಂತ 2006ರ ಕಾನೂನಿನಲ್ಲೇ ನಿಷೇಧಿಸಿದೆ. ಆದರೆ ‘ಪಾನೆ’, ಅಂದರೆ ಬ್ರೆಡ್ಡಿನ ಹೆಸರಿನಲ್ಲಿ ತಲೆಗೆ ಒಂದೆರಡು ಯೂರೋ ಸೇರಿಸುತ್ತಾರೆ. ಬ್ರೆಡ್ ಬೇಡದಿದ್ದರೆ ಬುಟ್ಟಿ ಮೇಜಿಗೆ ಬಂದ ಕೂಡಲೇ ಮುಟ್ಟದೆ ವಾಪಸ್ ಕಳಿಸಿ. ಟಿಪ್ಸ್ ಕಡ್ಡಾಯವಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು ಬಿಡಿಸಿಯೇ ಹೇಳಬೇಕು, ಏಕೆಂದರೆ ನಮ್ಮ ಬಹಳ ಜನ ‘ಚೀಸ್ ತಾನೇ’ ಅಂತ ತಿಂದುಬಿಡುತ್ತಾರೆ. ಕಾಚೊ ಎ ಪೇಪೆ ಪಾಸ್ತಾದಲ್ಲಿ ಮಾಂಸವಿಲ್ಲ, ಆದರೆ ಅದಕ್ಕೆ ಹಾಕುವ ಪೆಕೊರೀನೊ ರೊಮಾನೊ ಚೀಸಿಗೆ ಹಾಲು ಒಡೆಸುವುದು ಕುರಿಮರಿಯ ಜಠರದಿಂದ ತೆಗೆದ ರೆನೆಟ್ಟಿನಿಂದ. ಪಾರ್ಮಿಜಾನೊ ರೆಜ್ಜಾನೊಗೆ ಕರುವಿನದು. ಕಾರ್ಬೊನಾರಾ, ಅಮಾತ್ರಿಚಾನಾ, ಗ್ರೀಚಾ ಈ ಮೂರು ಪಾಸ್ತಾಗಳಲ್ಲೂ ಹಂದಿ ಕೆನ್ನೆಯ ಮಾಂಸ. ಕುಂಬಳ ಹೂವಿನ ಬಜ್ಜಿಯೊಳಗೆ ಸಣ್ಣ ಮೀನು, ಸುಪ್ಪ್ಲೀ ಎಂಬ ಅನ್ನದ ಉಂಡೆಯಲ್ಲಿ ಬಹಳ ಸಲ ಮಾಂಸದ ಸಾರು. ಧೈರ್ಯವಾಗಿ ತಿನ್ನಬಹುದಾದ್ದು ಚೀಸೇ ಇಲ್ಲದ ಪಿಜ್ಜಾ ಮರಿನಾರಾ (ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ), ಎಣ್ಣೆಯಲ್ಲಿ ಹೂವಿನಂತೆ ಅರಳಿಸಿ ಕರಿದ ಯೆಹೂದಿ ಕೇರಿಯ ಆರ್ಟಿಚೋಕ್ ಎಂಬ ತರಕಾರಿ, ಬೆಳ್ಳುಳ್ಳಿ ಒಣಮೆಣಸಿನ ಒಗ್ಗರಣೆಯ ಚಿಕೋರಿಯಾ ಸೊಪ್ಪು. ಆ ಸೊಪ್ಪಿನ ಕಹಿ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ. ಕೇಳುವಾಗ ಮಾಂಸ ಬೇಡ ಅನ್ನುವ ‘ಸೆಂತ್ಸಾ ಕಾರ್ನೆ’ ಒಂದೇ ಸಾಲದು, ‘ಸೆಂತ್ಸಾ ಪೇಶೆ’ ಅಂತ ಮೀನನ್ನೂ ಬಿಡಿಸಿ ಹೇಳಿ. ‘ಕಾಲ್ಯೊ’ ಅಂದರೆ ರೆನೆಟ್; ಸೂಪರ್‌ಮಾರ್ಕೆಟ್ ಚೀಸಿನ ಮೇಲೆ ‘ಕಾಲ್ಯೊ ಮಿಕ್ರೊಬಿಕೊ’ ಅಥವಾ ‘ವೆಜೆತಾಲೆ’ ಇದ್ದರೆ ಪ್ರಾಣಿಯದಲ್ಲ. ಬರೀ ‘ಕಾಲ್ಯೊ’ ಅಂತಿದ್ದರೆ ಪ್ರಾಣಿಯದೇ ಅಂದುಕೊಳ್ಳಿ.

ಕೊನಾಡ್, ಕೋಪ್, ಲಿಡ್ಲ್ ಅಂಗಡಿಗಳಲ್ಲಿ ಹಣ್ಣು ಮೊಸರು ನಿಜಕ್ಕೂ ಅಗ್ಗ. ಹಣ್ಣು ಮುಟ್ಟುವ ಮೊದಲು ಅಲ್ಲಿಟ್ಟ ಪ್ಲಾಸ್ಟಿಕ್ ಕೈಗವಸು ಹಾಕಿಕೊಳ್ಳಬೇಕು. ಎಷ್ಟೋ ಕಡೆ ಹಣ್ಣಿನ ಸಂಖ್ಯೆ ಒತ್ತಿ ನೀವೇ ತೂಗಿ ಚೀಟಿ ಅಂಟಿಸಬೇಕು. ಅಂಟಿಸದೆ ಬಿಲ್ಲಿಗೆ ಹೋದರೆ ಹಿಂದೆ ಕಳಿಸುತ್ತಾರೆ, ಸಾಲಿನವರು ಕಾಯಬೇಕಾಗುತ್ತದೆ.

ವಾರಗಟ್ಟಲೆ ಇರುವವರು, ಮಕ್ಕಳಿರುವವರು ಅಡುಗೆಮನೆ ಇರುವ ಮನೆ ಹಿಡಿದು ರಾತ್ರಿಗೆ ಅನ್ನ ಸಾರು ಮಾಡಿಕೊಳ್ಳುವುದು ಒಳ್ಳೆಯದೇ. ಅಕ್ಕಿ, ಬೇಳೆ, ಹುಣಸೆ, ಹಸಿಮೆಣಸಿನಕಾಯಿಗೆ ತೆರ್ಮಿನಿ ಸ್ಟೇಷನ್ ಹತ್ತಿರದ ಎಸ್ಕ್ವಿಲೀನೊ ಮಾರ್ಕೆಟ್‌ಗೆ ಬೆಳಿಗ್ಗೆಯೇ ಹೋಗಿ, ಭಾನುವಾರ ರಜೆ. ಊರಿನಿಂದ ಸಾರಿನಪುಡಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡದಂಥ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ನಮ್ಮ ದೇಶದಿಂದ ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ, ಕಸ್ಟಮ್ಸ್‌ನಲ್ಲಿ ಕಸಿದುಕೊಳ್ಳುತ್ತಾರೆ. ಹಸಿ ಕರಿಬೇವಿಗೂ ಸಸ್ಯ ತಪಾಸಣೆಯ ಪ್ರಮಾಣಪತ್ರ ಬೇಕು, ಆದ್ದರಿಂದ ಒಗ್ಗರಣೆಗೆ ಬೇಕಾದ್ದನ್ನು ಮನೆಯಲ್ಲೇ ಪುಡಿಯೊಳಗೆ ಹುರಿದು ಸೇರಿಸಿ. ಸಣ್ಣ ಕುಕ್ಕರ್ ಒಯ್ಯುವವರು ಮನೆ ಬುಕ್ ಮಾಡುವಾಗ ಒಲೆಯ ಫೋಟೊ ನೋಡಿ: ಗಾಜಿನಂತೆ ಚಪ್ಪಟೆ ಇದ್ದರೆ ಅದು ಇಂಡಕ್ಷನ್ನಾ ಅಂತ ಮನೆ ಮಾಲೀಕರನ್ನು ಕೇಳಿ, ಹೌದಾದರೆ ಅಲ್ಯುಮಿನಿಯಂ ಕುಕ್ಕರ್ ಬಿಸಿಯೇ ಆಗದು, ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲಿನದೇ ಬೇಕು.